ಮೂರು ಕ್ಯಾಮೆರಾ, ಮೂರು ಗಡಿಯಾರ: ಫೋಟೋಗಳಿಗೆ ಹೆಸರಿಡುವ ಮೊದಲು

ಪ್ರಶ್ನೆ: ನಾನು ಡೊಂಬಿವಲಿಯವನು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಡಿಸೆಂಬರ್ 14ರ ಸಂಜೆ ಬಯಲಿನಲ್ಲಿ ನಡೆಯಿತು. ಆಮೇಲೆ ಯಕ್ಷಗಾನ. ಆಟ ಮುಗಿಯುವಾಗ ಬೆಳಗಾಗಿತ್ತು. ಮೂವರು ಫೋಟೋ ತೆಗೆದಿದ್ದಾರೆ. ಒಬ್ಬರದು ಕ್ಯಾನನ್, ಇನ್ನೊಬ್ಬರದು ಸೋನಿ, ದುಬೈಯಿಂದ ರಜೆಗೆ ಬಂದ ನನ್ನ ಭಾವನದು ನಿಕಾನ್. ವೇದಿಕೆಯ ಎದುರು ವಿಡಿಯೋಗೆಂದು ಒಂದು ಪುಟ್ಟ ಗೋಪ್ರೊ ಕ್ಯಾಮೆರಾ ಇತ್ತು. ಮೊಬೈಲ್ ಫೋಟೋಗಳು ವಾಟ್ಸಾಪ್‌ನಲ್ಲಿ ಇನ್ನೂ ಬರುತ್ತಲೇ ಇವೆ. ನಾನು ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಕಾಪಿ ಮಾಡಿದೆ. ಕೆಲವು ಸಲ ‘ಈ ಹೆಸರಿನ ಫೈಲ್ ಆಗಲೇ ಇದೆ’ ಎಂದು ಕೇಳಿತು. ರಿಪ್ಲೇಸ್ ಒತ್ತಿದೆನೋ ಸ್ಕಿಪ್ ಒತ್ತಿದೆನೋ ನೆನಪಿಲ್ಲ. ಈಗ ಹೆಸರಿನ ಪ್ರಕಾರ ಜೋಡಿಸಿದರೆ ಒಂದೊಂದು ಕ್ಯಾಮೆರಾದ್ದು ಒಂದೊಂದು ಕಡೆ. ಸಮಯದ ಪ್ರಕಾರ ಜೋಡಿಸಿದರೆ ಮಹಿಷಾಸುರ ಬಂದು ಹೋದ ಮೇಲೆ ಅಧ್ಯಕ್ಷರ ಸ್ವಾಗತ ಭಾಷಣ! ಸ್ಮರಣ ಸಂಚಿಕೆಗೆ ಫೋಟೋಗಳು ಕ್ರಮವಾಗಿ ಬೇಕು. ಎಲ್ಲದಕ್ಕೂ 1, 2, 3 ಎಂದು ಹೆಸರು ಕೊಡುವ ಒಳ್ಳೆಯ ಸಾಫ್ಟ್‌ವೇರ್ ಯಾವುದು?

ಉತ್ತರ: ಸಾಫ್ಟ್‌ವೇರ್ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಒಂದು ಫೈಲಿನ ಹೆಸರನ್ನೂ ಬದಲಿಸಬೇಡಿ. ನಿಮ್ಮ ತೊಂದರೆ ಹೆಸರಿನದ್ದಲ್ಲ, ಗಡಿಯಾರದ್ದು. ಅದನ್ನು ಸರಿ ಮಾಡದೆ 1, 2, 3 ಕೊಟ್ಟರೆ ಮಹಿಷಾಸುರ ಸ್ವಾಗತ ಭಾಷಣಕ್ಕಿಂತ ಮೊದಲೇ ಖಾಯಂ ಆಗಿ ಕೂತುಬಿಡುತ್ತಾನೆ.

ಅದಕ್ಕೂ ಮೊದಲು ಕಾರ್ಡ್‌ಗಳ ವಿಷಯ. ಮೂವರಿಗೂ ಈಗಲೇ ಫೋನ್ ಮಾಡಿ, ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ ಎಂದು ಹೇಳಿ. ಭಾವನಿಗೆ ಮೊದಲು ಹೇಳಿ, ಅವರು ವಿಮಾನ ಹತ್ತಿದರೆ ಕಾರ್ಡೂ ಹೋಯಿತು. ನೀವು ಎಲ್ಲೋ ರಿಪ್ಲೇಸ್ ಒತ್ತಿದ್ದರೆ ಒಂದು ಫೋಟೋದ ಮೇಲೆ ಇನ್ನೊಂದು ಕೂತು ಮೊದಲಿನದು ಅಳಿಸಿದೆ. ಅದು ಯಾವುದು ಎಂದು ಹುಡುಕುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್. ಕಾರ್ಡ್‌ಗಳಿಂದ ಮತ್ತೊಮ್ಮೆ ಕಾಪಿ ಮಾಡಿ. ಈ ಸಲ ಪ್ರತಿ ಕ್ಯಾಮೆರಾಕ್ಕೂ, ಪ್ರತಿ ಮೊಬೈಲಿಗೂ ಬೇರೆ ಬೇರೆ ಫೋಲ್ಡರ್. ಕಟ್ ಬೇಡ, ಕಾಪಿ ಮಾತ್ರ. ಈಗಿರುವ ಕಲಸುಮೇಲೋಗರದ ಫೋಲ್ಡರನ್ನು ಪಕ್ಕಕ್ಕಿಡಿ, ಅಳಿಸಬೇಡಿ.

ಯಾರಾದರೂ ಆಗಲೇ ಫಾರ್ಮ್ಯಾಟ್ ಮಾಡಿದ್ದಾರಾ? ಆಮೇಲೆ ಆ ಕಾರ್ಡ್‌ನಲ್ಲಿ ಏನೂ ತೆಗೆದಿಲ್ಲವಾದರೆ ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಬಹಳಷ್ಟು ವಾಪಸ್ ಸಿಗಬಹುದು. ಹಳೆಯ ಹೆಸರುಗಳು ಸಿಗುವುದಿಲ್ಲ, ಏನೇನೋ ನಂಬರ್ ಇರುತ್ತದೆ. ಆದರೆ ಫೋಟೋ ತೆಗೆದ ಸಮಯ ಫೈಲಿನ ಒಳಗೇ ಇರುತ್ತದೆ. ನಾವು ಮಾಡುವ ಕೆಲಸಕ್ಕೆ ಅಷ್ಟು ಸಾಕು.

ಎರಡು ಕ್ಯಾಮೆರಾಗಳಲ್ಲಿ ಒಂದೇ ಹೆಸರು ಬರುವುದಕ್ಕೆ ಕಾರಣ ಇದೆ. 1998ರಲ್ಲಿ ಜಪಾನಿನ ಕಂಪನಿಗಳು ಸೇರಿ ಡಿಸಿಎಫ್ ಎಂಬ ನಿಯಮ ಮಾಡಿಕೊಂಡವು. ಯಾವ ಕ್ಯಾಮೆರಾದ ಕಾರ್ಡ್ ಆದರೂ ಯಾವ ಮೆಷಿನ್ ಆದರೂ ಓದಬೇಕು ಎನ್ನುವುದು ಉದ್ದೇಶ. ಅದರ ಪ್ರಕಾರ ಹೆಸರು ಎಂಟೇ ಅಕ್ಷರ: ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗೆ ನಂಬರ್. ಕ್ಯಾನನ್‌ದು ಐಎಂಜಿ_4521, ನಿಕಾನ್‌ದು ಡಿಎಸ್‌ಸಿ_4521. ಸೋನಿ ಮೂರೇ ಅಕ್ಷರ ಇಟ್ಟು ನಂಬರನ್ನು ಐದು ಅಂಕಿ ಮಾಡುತ್ತದೆ, ಡಿಎಸ್‌ಸಿ04521. ಐಫೋನ್ ಕೂಡ ಕ್ಯಾನನ್ ಹಾಗೆಯೇ ಐಎಂಜಿ_ ಎನ್ನುತ್ತದೆ. ನಿಮ್ಮಲ್ಲಿ ಡಿಕ್ಕಿ ಹೊಡೆದದ್ದು ಬಹುಶಃ ಅವೆರಡೇ. ಹೆಸರುಗಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಂಪ್ಯೂಟರ್‌ನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತವೆ.

ಇನ್ನೊಂದು ತಾಪತ್ರಯ: 9999 ಆದ ಮೇಲೆ ಕ್ಯಾಮೆರಾ ಮತ್ತೆ 0001ಕ್ಕೆ ಬರುತ್ತದೆ. ರಾತ್ರಿಯಿಡೀ ಆಟ ತೆಗೆಯುವಾಗ ಮಧ್ಯದಲ್ಲಿ ಹೀಗಾದರೆ, ಹೆಸರಿನ ಪ್ರಕಾರ ಜೋಡಿಸಿದಾಗ ಮಂಗಳ ಪದ ಮೊದಲು, ಗಣಪತಿ ಪೂಜೆ ಕೊನೆಗೆ. ಹಾಗಾಗಿ ಕ್ಯಾಮೆರಾ ಕೊಟ್ಟ ನಂಬರನ್ನು ಕ್ರಮಕ್ಕೆ ನಂಬಬೇಡಿ. ಆದರೆ ಎಸೆಯಲೂ ಬೇಡಿ, ಮುಂದೆ ಬೇಕಾಗುತ್ತದೆ.

ಈಗ ಗಡಿಯಾರಕ್ಕೆ ಬರೋಣ. ಒಂದು ಫೋಟೋ ಫೈಲಿಗೆ ಮೂರು ಥರದ ಸಮಯ ಅಂಟಿಕೊಂಡಿರುತ್ತದೆ. ಕಂಪ್ಯೂಟರ್‌ಗೆ ಬಂದು ಕೂತ ಸಮಯ ಒಂದು, ಕೊನೆಯ ಸಲ ಬದಲಾದ ಸಮಯ ಇನ್ನೊಂದು. ಇವೆರಡೂ ಕಾಪಿ ಮಾಡಿದಾಗ, ಸ್ವಲ್ಪ ತಿದ್ದಿ ಸೇವ್ ಮಾಡಿದಾಗ ಬದಲಾಗುತ್ತಿರುತ್ತವೆ. ಮೂರನೆಯದು ಶಟರ್ ಒತ್ತಿದ ಕ್ಷಣದಲ್ಲಿ ಕ್ಯಾಮೆರಾ ಫೈಲಿನ ಒಳಗೆ ಬರೆದ ಸಮಯ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ‘ಡೇಟ್ ಟೇಕನ್’ ಎಂಬ ಕಾಲಂ ಹಾಕಿಕೊಂಡರೆ ಕಾಣುತ್ತದೆ. ನಮಗೆ ಬೇಕಾದದ್ದು ಇದೊಂದೇ.

ಆದರೆ ಕ್ಯಾಮೆರಾಕ್ಕೆ ನಿಜವಾದ ಸಮಯ ಗೊತ್ತಿರುವುದಿಲ್ಲ. ಯಾವಾಗಲೋ ನಾವು ಸೆಟ್ ಮಾಡಿದ್ದನ್ನೇ ಹಿಡಿದುಕೊಂಡು ಓಡುತ್ತಿರುತ್ತದೆ, ತಿಂಗಳುಗಳು ಕಳೆದಂತೆ ಅದೂ ಅಷ್ಟಿಷ್ಟು ಜಾರುತ್ತದೆ. ಮೂರು ಸ್ಟೇಷನ್‌ಗಳಲ್ಲಿ ಮೂರು ಗಡಿಯಾರ ಇಟ್ಟುಕೊಂಡು ಲೋಕಲ್ ಓಡಿಸಿದ ಹಾಗೆ. ನಿಮ್ಮ ಕ್ಯಾನನ್‌ನಲ್ಲಿ ಬೆಳಗು ಸಂಜೆ ಅದಲು ಬದಲಾಗಿದೆ ಎಂದು ನನ್ನ ಊಹೆ. ರಾತ್ರಿ ಒಂದು ಗಂಟೆಗೆ ಬಂದ ಮಹಿಷಾಸುರ ಆ ಕ್ಯಾಮೆರಾದ ಲೆಕ್ಕದಲ್ಲಿ 14ರ ಮಧ್ಯಾಹ್ನ ಒಂದಕ್ಕೇ ಬಂದ. ಸ್ವಾಗತ ಭಾಷಣಕ್ಕಿಂತ ಮೊದಲು ಅವನು ಹೇಗೆ ಬಂದ ಎನ್ನುವುದಕ್ಕೆ ಇದೇ ಉತ್ತರ ಇರಬೇಕು. ಭಾವನ ನಿಕಾನ್ ದುಬೈ ಸಮಯದಲ್ಲೇ ಇರಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮೊಬೈಲಿನ ಹಾಗೆ ಕ್ಯಾಮೆರಾ ವಿಮಾನ ಇಳಿದ ಕೂಡಲೇ ತಾನೇ ಸಮಯ ಬದಲಿಸಿಕೊಳ್ಳುವುದಿಲ್ಲ. ಗಲ್ಫ್‌ನಿಂದ ಬಂದವರ ಕ್ಯಾಮೆರಾಗಳಲ್ಲಿ ಈ ಒಂದೂವರೆ ಗಂಟೆ ಎಷ್ಟು ಸಾಮಾನ್ಯ ಎಂದರೆ, ಊರಿನ ಮದುವೆ ಫೋಟೋ ಜೋಡಿಸುವಾಗ ನಾನು ಮೊದಲು ಕೇಳುವುದೇ ‘ಯಾರಾದರೂ ಗಲ್ಫ್‌ನಿಂದ ಬಂದಿದ್ರಾ?’ ಎಂದು.

ಒಂದು ಸಮಾಧಾನ ಇದೆ. ಒಂದು ರಾತ್ರಿಯಲ್ಲಿ ಗಡಿಯಾರ ಜಾರುವುದು ಲೆಕ್ಕಕ್ಕೇ ಬರದಷ್ಟು ಕಡಿಮೆ. ಒಂದು ಕ್ಯಾಮೆರಾ ಎಷ್ಟು ತಪ್ಪಿದೆಯೋ ಆ ರಾತ್ರಿಯ ಎಲ್ಲ ಫೋಟೋದಲ್ಲೂ ಅಷ್ಟೇ ತಪ್ಪಿರುತ್ತದೆ. ಕ್ಯಾಮೆರಾಕ್ಕೆ ಒಂದೇ ವ್ಯತ್ಯಾಸ ಕಂಡುಹಿಡಿದು ಎಲ್ಲಕ್ಕೂ ಒಟ್ಟಿಗೆ ಸೇರಿಸಿದರೆ ಮುಗಿಯಿತು.

ವ್ಯತ್ಯಾಸ ಕಂಡುಹಿಡಿಯಲು ಎಲ್ಲ ಕ್ಯಾಮೆರಾಗಳೂ ಹಿಡಿದ ಒಂದೇ ಕ್ಷಣ ಬೇಕು. ಯಕ್ಷಗಾನದಲ್ಲಿ ಇದು ಸುಲಭ. ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳ ಎಸೆಯುತ್ತಾರಲ್ಲ, ಆ ಬೆಂಕಿ ಭಗ್ ಎಂದು ಎದ್ದು ಕ್ಷಣದಲ್ಲಿ ಇಳಿಯುತ್ತದೆ. ಕ್ಯಾಮೆರಾ ಹಿಡಿದವರು ಯಾರೂ ಅದನ್ನು ಬಿಡುವುದಿಲ್ಲ. ಅದೂ ಒಂದೇ ಸಮನೆ ಹತ್ತಾರು ಫ್ರೇಮ್ ತೆಗೆದಿರುತ್ತಾರೆ. ಮೊದಲ ರಾಳದ ಬೆಂಕಿ ಅತಿ ದೊಡ್ಡದಾಗಿ ಕಾಣುವ ಫ್ರೇಮನ್ನು ಮೂರೂ ಫೋಲ್ಡರ್‌ಗಳಲ್ಲಿ ಹುಡುಕಿ. ಗೋಪ್ರೊ ವಿಡಿಯೋದಲ್ಲೂ ಅದು ಸಿಗುತ್ತದೆ. ದಿಗಿಣದ, ಅಂದರೆ ಗಿರಗಿರ ಸುತ್ತಿ ಹಾರುವ ಕುಣಿತದ ಚಿತ್ರಗಳನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ನೋಡಲು ಎಲ್ಲ ಒಂದೇ ಥರ ಇರುತ್ತವೆ, ಮೂರನೇ ಸುತ್ತಿನದನ್ನು ಎಂಟನೇ ಸುತ್ತಿನದಕ್ಕೆ ಹೊಂದಿಸಿ ಮೋಸ ಹೋಗುತ್ತೀರಿ.

ಇನ್ನು ಸರಿಯಾದ ಸಮಯ ಯಾವುದು? ಮೊಬೈಲಿನದು. ಮೊಬೈಲ್ ನೆಟ್‌ವರ್ಕ್‌ನಿಂದ ಸಮಯ ತೆಗೆದುಕೊಳ್ಳುತ್ತದೆ. ಯಾರಾದರೂ ಒಬ್ಬರ ಮೊಬೈಲ್‌ನಿಂದ ಅದೇ ರಾಳದ ಫೋಟೋದ ಮೂಲ ಫೈಲ್ ತರಿಸಿಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದದ್ದು ಬೇಡ. ಅದರಲ್ಲಿ 15ನೇ ತಾರೀಖು 01:12:40 ಎಂದಿದೆ ಎಂದಿಟ್ಟುಕೊಳ್ಳಿ. ಕ್ಯಾನನ್‌ನಲ್ಲಿ 14ನೇ ತಾರೀಖು 13:08:22 ಇದ್ದರೆ ಅದು 12 ಗಂಟೆ 4 ನಿಮಿಷ 18 ಸೆಕೆಂಡ್ ಹಿಂದೆ. ನಿಕಾನ್‌ನಲ್ಲಿ 14ರ 23:42:05 ಇದ್ದರೆ ಅದು 1 ಗಂಟೆ 30 ನಿಮಿಷ 35 ಸೆಕೆಂಡ್ ಹಿಂದೆ. ಈ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಸೋನಿ ಸರಿ ಇದೆ ಎಂದು ಕಂಡರೂ ನೋಡಿಬಿಡಿ, ಒಂದೆರಡು ನಿಮಿಷ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಲೆಕ್ಕ ಸರಿಯೇ ಎಂದು ನೋಡಲು ಇನ್ನೊಂದು ಕ್ಷಣ ಬೇಕು. ಸಂಜೆ ದೀಪ ಬೆಳಗಿದ್ದು ಒಳ್ಳೆಯದು. ಅತಿಥಿಗಳು ಎರಡನೇ ಬತ್ತಿ ಹಚ್ಚಿದ ಫ್ರೇಮ್ ತೆಗೆದುಕೊಳ್ಳಿ. ಅಲ್ಲೂ ಅದೇ ವ್ಯತ್ಯಾಸ ಬಂದರೆ ನಿಶ್ಚಿಂತೆ. ಬೇರೆ ಬಂದರೆ ಮಧ್ಯೆ ಯಾರೋ ಗಡಿಯಾರ ಮುಟ್ಟಿದ್ದಾರೆ, ಇಲ್ಲವೇ ಬ್ಯಾಟರಿ ಬದಲಿಸುವಾಗ ಸಮಯ ರೀಸೆಟ್ ಆಗಿದೆ. ಆಗ ಆ ಕ್ಯಾಮೆರಾದ ಫೋಟೋಗಳನ್ನು ಎರಡು ಭಾಗ ಮಾಡಿ ಬೇರೆ ಬೇರೆ ವ್ಯತ್ಯಾಸ ಕೊಡಬೇಕು.

ಈಗ ಸಾಫ್ಟ್‌ವೇರ್. ನಿಮಗೆ ನಾನು ಹೇಳುವುದು ಡಿಜಿಕ್ಯಾಮ್. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಂದು ಫೋಲ್ಡರಿನ ಎಲ್ಲ ಫೋಟೋ ಆರಿಸಿ ‘ಅಡ್ಜಸ್ಟ್ ಟೈಮ್ ಅಂಡ್ ಡೇಟ್’ಗೆ ಹೋಗಿ, ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡ್ ಸೇರಿಸು ಎಂದರೆ ಸಾಕು. ಹೆಸರು ಬದಲಿಸುವುದೂ ಅದರಲ್ಲೇ ಇದೆ. ಲೈಟ್‌ರೂಮ್ ಕ್ಲಾಸಿಕ್ ಇರುವವರು ‘ಎಡಿಟ್ ಕ್ಯಾಪ್ಚರ್ ಟೈಮ್’ ಬಳಸಬಹುದು. ರಾಳದ ಫೋಟೋವನ್ನು ಮುಂದಿಟ್ಟುಕೊಂಡು ಅದಕ್ಕೆ ಸರಿಯಾದ ಸಮಯ ಕೊಟ್ಟರೆ, ಆರಿಸಿದ ಉಳಿದೆಲ್ಲವೂ ಅಷ್ಟೇ ಮುಂದೆ ಹೋಗುತ್ತವೆ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಲು ಹೆದರದವರಿಗೆ ಎಕ್ಸಿಫ್‌ಟೂಲ್ ಇದೆ. ಫಿಲ್ ಹಾರ್ವಿ ಎಂಬವರು 2003ರಿಂದ ಅದನ್ನು ಉಚಿತವಾಗಿ ಕೊಡುತ್ತಿದ್ದಾರೆ, ಈ ಕೆಲಸದಲ್ಲಿ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಬದಲಿಸುವ ಮೊದಲು ಮೂಲ ಫೈಲಿನ ಪ್ರತಿಯನ್ನು ತಾನೇ ಉಳಿಸಿಕೊಳ್ಳುತ್ತದೆ, ಅದೂ ಒಂದು ಧೈರ್ಯ.

ಸಮಯ ಸರಿ ಮಾಡಿದ ಮೇಲೂ ಹೆಸರಿಗೆ ಕೈ ಹಾಕಬೇಡಿ. ಮೂರೂ ಫೋಲ್ಡರ್‌ಗಳನ್ನು ಡಿಜಿಕ್ಯಾಮ್‌ನಲ್ಲಿ ಒಟ್ಟಿಗೆ ತೆರೆದು ಸಮಯದ ಪ್ರಕಾರ ಜೋಡಿಸಿ ನೋಡಿ. ಶಾಲು ಹೊದಿಸಿದ ದೃಶ್ಯ ಮೂರು ಕೋನಗಳಿಂದ ಅಕ್ಕಪಕ್ಕ ಬಂದರೆ ಸರಿಯಾಗಿದೆ. ಬಾರದಿದ್ದರೆ ಕಾಗದದ ಲೆಕ್ಕ ಮತ್ತೊಮ್ಮೆ ನೋಡಿ. ಕಳೆಯುವ ಕಡೆ ಕೂಡಿಸಿರುತ್ತೀರಿ, ಎಲ್ಲರೂ ಅಲ್ಲೇ ಎಡವುವುದು.

ಹೆಸರು ಹೇಗಿರಬೇಕು? ನೀವು ಕೇಳಿದ 1, 2, 3 ಬೇಡ. ಮುಂದಿನ ವಾರ ಯಾರೋ ಚೌಕಿಯಲ್ಲಿ ತೆಗೆದ ಮೊಬೈಲ್ ಫೋಟೋಗಳನ್ನು ಕೊಡುತ್ತಾರೆ. ಚೌಕಿಯ ಒಳಗೆ ಬಣ್ಣ ಹಚ್ಚುವ ಚಿತ್ರಗಳು ಹೆಚ್ಚಾಗಿ ಮೊಬೈಲ್‌ನಲ್ಲೇ ಇರುವುದು, ಅಲ್ವಾ? 1127 ಮತ್ತು 1128ರ ನಡುವೆ ಅವನ್ನು ಎಲ್ಲಿ ತುರುಕುತ್ತೀರಿ? ಸಮಯವೇ ಹೆಸರಾದರೆ ಯಾವತ್ತು ಬಂದ ಫೋಟೋ ಆದರೂ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. ನಾನು ಬಳಸುವ ರೀತಿ ಇದು:

20241215_011240_ಕೆಎನ್_4521

ಮೊದಲು ವರ್ಷ, ತಿಂಗಳು, ದಿನ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ ಜನವರಿ 15, ಫೆಬ್ರವರಿ 15, ಮಾರ್ಚ್ 15 ಎಲ್ಲ ಒಟ್ಟಿಗೆ ಬಂದುಬಿಡುತ್ತವೆ. ಆಮೇಲೆ 24 ಗಂಟೆಯ ಲೆಕ್ಕದಲ್ಲಿ ಸಮಯ. ಮಧ್ಯೆ ಕೋಲನ್ ಹಾಕುವಂತಿಲ್ಲ, ವಿಂಡೋಸ್ ಒಪ್ಪುವುದಿಲ್ಲ. ಮೂರನೆಯದು ತೆಗೆದವರ ಗುರುತು. ಕ್ಯಾಮೆರಾದ ಹೆಸರಿಗಿಂತ ಮನುಷ್ಯರ ಹೆಸರಿನ ಎರಡು ಅಕ್ಷರ ಹಾಕಿ. ಸ್ಮರಣ ಸಂಚಿಕೆಯಲ್ಲಿ ‘ಚಿತ್ರ: ಇಂಥವರು’ ಎಂದು ಹಾಕುವಾಗ ಹುಡುಕಾಡಬೇಕಿಲ್ಲ, ಹೆಸರು ತಪ್ಪಿ ಮನಸ್ತಾಪವೂ ಆಗುವುದಿಲ್ಲ. ಕೊನೆಯದು ಕ್ಯಾಮೆರಾ ಕೊಟ್ಟ ಹಳೆಯ ನಂಬರ್. ಒಂದೇ ಸೆಕೆಂಡಿನಲ್ಲಿ ಹತ್ತು ಫ್ರೇಮ್ ಹೊಡೆದಾಗ ಸಮಯ ಎಲ್ಲಕ್ಕೂ ಒಂದೇ, ಬೇರ್ಪಡಿಸುವುದು ಈ ನಂಬರ್ ಮಾತ್ರ. ಮುಂದೆ ‘ಇದರ ರಾ ಫೈಲ್ (ಕ್ಯಾಮೆರಾ ಹಿಡಿದ ಕಚ್ಚಾ ರೂಪ) ಕೊಡಿ’ ಎಂದು ಆ ಫೋಟೋಗ್ರಾಫರನ್ನು ಕೇಳುವಾಗಲೂ ಇದೇ ಬೇಕು.

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ. ಇದನ್ನು ಹೇಳಲು ನನಗೂ ಇಷ್ಟವಿಲ್ಲ. ಈಗಿನ ಕಂಪ್ಯೂಟರ್‌ಗಳು ಕನ್ನಡ ಹೆಸರನ್ನು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಜಿಪ್ ಮಾಡಿ ಕಳಿಸಿದಾಗ, ಪ್ರೆಸ್ಸಿನವರ ಹಳೆಯ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಅವು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಮಹಿಷಾಸುರ, ಭಾಗವತರು, ಸನ್ಮಾನ ಇಂಥದ್ದನ್ನೆಲ್ಲ ಫೈಲಿನ ಹೆಸರಿಗೆ ತುರುಕಬೇಡಿ. ಡಿಜಿಕ್ಯಾಮ್‌ನಲ್ಲಿ ಟ್ಯಾಗ್ ಕೊಡಲು ಜಾಗ ಇದೆ, ಅಲ್ಲಿ ಕನ್ನಡದಲ್ಲೇ ಧಾರಾಳವಾಗಿ ಬರೆಯಿರಿ.

ಕಾರ್ಯಕ್ರಮ ಮಧ್ಯರಾತ್ರಿ ದಾಟಿದ್ದರಿಂದ ಎರಡು ತಾರೀಖಿನ ಎರಡು ಫೋಲ್ಡರ್ ಬೇಕೇ ಎಂಬ ಅನುಮಾನ ಬರುತ್ತದೆ. ಬೇಡ. ಆಟ ಒಂದೇ, ಫೋಲ್ಡರೂ ಒಂದೇ, ಶುರುವಾದ ದಿನದ ಹೆಸರಿನಲ್ಲಿ. ಒಳಗೆ ಫೈಲುಗಳ ಮೇಲೆ ನಿಜವಾದ ತಾರೀಖೇ ಇರಲಿ, ಕ್ರಮ ಕೆಡುವುದಿಲ್ಲ.

ರಾ ಮತ್ತು ಜೆಪೆಗ್ ಎರಡೂ ತೆಗೆದಿದ್ದರೆ ಜೋಡಿಗೆ ಒಂದೇ ಹೆಸರು ಉಳಿಯಬೇಕು, ಕೊನೆಯ ಎಕ್ಸ್‌ಟೆನ್ಶನ್ ಮಾತ್ರ ಬೇರೆ. ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಚಿಕ್ಕ ಫೈಲ್ ಇದ್ದರೆ ಅದರಲ್ಲಿ ನೀವು ಮಾಡಿದ ತಿದ್ದುಪಡಿಗಳಿರುತ್ತವೆ, ಅದರ ಹೆಸರೂ ಜೊತೆಗೇ ಬದಲಾಗಬೇಕು. ಲೈಟ್‌ರೂಮ್‌ಗೆ ಸೇರಿಸಿದ ಫೋಟೋಗಳ ಹೆಸರನ್ನು ಲೈಟ್‌ರೂಮ್ ಒಳಗೇ ಬದಲಿಸಿ. ಹೊರಗಿಂದ ಬದಲಿಸಿದರೆ ಅದಕ್ಕೆ ಫೋಟೋ ಕಾಣದಂತಾಗುತ್ತದೆ.

ಗೋಪ್ರೊ ಹೆಸರುಗಳು ಸ್ವಲ್ಪ ವಿಚಿತ್ರ. ಉದ್ದ ವಿಡಿಯೋವನ್ನು ಅದು ತುಂಡು ತುಂಡು ಮಾಡುತ್ತದೆ. ಜಿಎಕ್ಸ್010034, ಜಿಎಕ್ಸ್020034 ಎಂದಿದ್ದರೆ ಕೊನೆಯ ನಾಲ್ಕಂಕಿ ವಿಡಿಯೋದ ನಂಬರ್, ಮೊದಲ ಎರಡಂಕಿ ಅದರ ತುಂಡು. ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲ ವಿಡಿಯೋಗಳ ಮೊದಲ ತುಂಡುಗಳು ಮೊದಲು ಬರುತ್ತವೆ. ವಿಡಿಯೋ ಫೈಲಿನ ಒಳಗಿನ ಸಮಯ ನಿಯಮದ ಪ್ರಕಾರ ಗ್ರೀನ್‌ವಿಚ್ ಲೆಕ್ಕದಲ್ಲಿ ಇರಬೇಕು, ಆದರೆ ಎಷ್ಟೋ ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಹಾಗಾಗಿ ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಗಾಬರಿ ಬೇಡ, ರಾಳದ ಲೆಕ್ಕ ಇಲ್ಲೂ ನಡೆಯುತ್ತದೆ. ಪಿಕ್ಸೆಲ್ ಫೋನಿನವರು ಫೋಟೋ ಕೊಟ್ಟಿದ್ದರೆ ಅಲ್ಲೂ ಇದೇ ಕಥೆ. ಫೈಲಿನ ಹೆಸರಿನಲ್ಲಿ ಗ್ರೀನ್‌ವಿಚ್ ಸಮಯ, ಒಳಗಿನ ಎಕ್ಸಿಫ್‌ನಲ್ಲಿ ನಮ್ಮ ಸಮಯ. ಒಳಗಿನದನ್ನು ನಂಬಿ.

ವಾಟ್ಸಾಪ್ ಫೋಟೋಗಳ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅದು ಫೋಟೋ ಚಿಕ್ಕದು ಮಾಡುವುದಷ್ಟೇ ಅಲ್ಲ, ಒಳಗಿನ ಸಮಯವನ್ನೂ ತೆಗೆದುಹಾಕುತ್ತದೆ. ಐಎಂಜಿ-20241218-ಡಬ್ಲ್ಯುಎ0007 ಎಂದಿದ್ದರೆ 18 ನಿಮಗೆ ಬಂದ ದಿನ, ತೆಗೆದ ದಿನವಲ್ಲ. ಗ್ರೂಪ್‌ನಲ್ಲಿ ಒಂದು ಮಾತು ಹಾಕಿ: ‘ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.’ ಅರ್ಧ ಜನ ಕೇಳುತ್ತಾರೆ. ಉಳಿದವರ ಫೋಟೋಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಸಂಚಿಕೆಗೆ ಬೇಕೇ ಬೇಕು ಎನಿಸಿದ ಕೆಲವಕ್ಕೆ ಮಾತ್ರ ಪಕ್ಕದ ದೃಶ್ಯ ನೋಡಿ ಕೈಯಾರೆ ಸಮಯ ಕೊಡಿ. ಎಲ್ಲಕ್ಕೂ ಮಾಡಲು ಹೋದರೆ ಮುಂದಿನ ವಾರ್ಷಿಕೋತ್ಸವ ಬಂದುಬಿಡುತ್ತದೆ.

ಪ್ರೆಸ್ಸಿಗೆ ಕೊಡುವಾಗ ಈ ಫೈಲುಗಳನ್ನೇ ಕೊಡಬೇಡಿ. ಆರಿಸಿದವನ್ನು ಬೇರೆ ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿ, ಮುಂದೆ ಪುಟದ ಸಂಖ್ಯೆ ಸೇರಿಸಿ, ಹಿಂದೆ ಮೂಲ ಹೆಸರು ಹಾಗೆಯೇ ಇರಲಿ. ಪುಟ ಕಟ್ಟುವವರು ‘12ನೇ ಪುಟದ್ದು ಮಸುಕಾಗಿದೆ, ಬೇರೆ ಕೊಡಿ’ ಎಂದಾಗ ಒಂದೇ ನಿಮಿಷದಲ್ಲಿ ಅದರ ಅಕ್ಕಪಕ್ಕದ ಫ್ರೇಮ್ ಸಿಗುತ್ತದೆ.

ಮುಂದಿನ ವರ್ಷ ಇಷ್ಟೆಲ್ಲ ಬೇಡ ಎನ್ನುವುದಾದರೆ, ಕಾರ್ಯಕ್ರಮ ಶುರುವಾಗುವ ಮೊದಲು ಎಲ್ಲ ಫೋಟೋಗ್ರಾಫರ್‌ಗಳನ್ನೂ ಕರೆದು ಸೆಕೆಂಡ್ ಕಾಣುವ ಒಂದು ಮೊಬೈಲ್ ಗಡಿಯಾರದ ಫೋಟೋ ತೆಗೆಸಿ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೂ ಪರವಾಗಿಲ್ಲ, ಎಷ್ಟು ತಪ್ಪಿದೆ ಎನ್ನುವುದು ಆ ಒಂದು ಫೋಟೋದಲ್ಲಿ ಸಿಗುತ್ತದೆ. ನಿಕಾನ್‌ನಲ್ಲೂ, ಕೆಲವು ಕ್ಯಾನನ್ ಮತ್ತು ಸೋನಿಗಳಲ್ಲೂ ಹೆಸರಿನ ಮೊದಲ ಅಕ್ಷರಗಳನ್ನು ನಾವೇ ಬದಲಿಸಬಹುದು. ತಮ್ಮ ಹೆಸರಿನ ಅಕ್ಷರ ಹಾಕಿಕೊಳ್ಳಲು ಹೇಳಿ, ಡಿಕ್ಕಿಯೇ ಆಗುವುದಿಲ್ಲ.

ಕೊನೆಗೆ ಪ್ರತಿಗಳು. ಇಷ್ಟು ಕಷ್ಟಪಟ್ಟು ಜೋಡಿಸಿದ್ದನ್ನು ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಬೇಡಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಎರಡು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಒಂದು ನಿಮ್ಮಲ್ಲಿ, ಇನ್ನೊಂದು ಸಂಘದ ಇನ್ನೊಬ್ಬರ ಮನೆಯಲ್ಲಿ. ಡಿಸ್ಕಿಗೆ ಹಾಕಿದ ಮೇಲೆ ಅಲ್ಲಿಂದಲೇ ಹತ್ತಾರು ಫೋಟೋ, ಒಂದೆರಡು ವಿಡಿಯೋ ತೆರೆದು ನೋಡಿ. ಎರಡೂ ಡಿಸ್ಕ್‌ನಲ್ಲಿ ಸರಿಯಾಗಿ ತೆರೆದುಕೊಂಡರೆ ಕಾರ್ಡ್‌ಗಳನ್ನು ಅವರವರಿಗೆ ವಾಪಸ್ ಕೊಡಿ. ಫಾರ್ಮ್ಯಾಟನ್ನು ಕಂಪ್ಯೂಟರ್‌ನಲ್ಲಿ ಮಾಡದೆ ಅವರವರ ಕ್ಯಾಮೆರಾದಲ್ಲೇ ಮಾಡಲು ಹೇಳಿ. ಭಾವನ ಕಾರ್ಡ್ ಮೊದಲು ಮುಗಿಸಿ.